ಹಳೇ ಮಾದರಿಯ ಗಿಟಾರ್ ಜೋಡಿಸುವ ಮುಂಚೆ ಇದನ್ನೊಮ್ಮೆ ಓದಿ

ಬಿಡಿಭಾಗ ತಂದು 1950ರ ದಶಕದ ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಥರದ ಎಲೆಕ್ಟ್ರಿಕ್ ಗಿಟಾರ್ ಜೋಡಿಸೋಣ ಅಂತ ಹೊರಟಿದ್ದೆ. ಈಗ ಕೈಯಲ್ಲಿ ಉಳಿದಿರುವುದು ಎರಡೆರಡು ಸಲ ತೂತು ಕೊರೆದ ಬಾಡಿ, ಸತ್ತುಹೋದ ಒಂದು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ). ನೀವೂ ಅದೇ ಯೋಚನೆಯಲ್ಲಿದ್ದರೆ ಆರ್ಡರ್ ಮಾಡುವುದನ್ನು ಸ್ವಲ್ಪ ತಡೆಯಿರಿ.

ಬಾಡಿ ಒಬ್ಬರಿಂದ, ನೆಕ್ (ಬೆರಳು ಒತ್ತುವ ಉದ್ದನೆಯ ಭಾಗ) ಇನ್ನೊಬ್ಬರಿಂದ, ಬ್ರಿಜ್ (ಬಾಡಿಯ ಮೇಲೆ ತಂತಿ ಹಿಡಿಯುವ ಲೋಹದ ಭಾಗ) ಮತ್ತೊಬ್ಬರಿಂದ ತರಿಸಿದೆ. ಮೂರಕ್ಕೂ 'ವಿಂಟೇಜ್ ಸ್ಟೈಲ್' ಅಂತಲೇ ಹೆಸರು. ಬ್ರಿಜ್ ಮಾರಿದವರನ್ನು ಕೇಳಿಯೂ ಕೇಳಿದೆ. "ಎಲ್ಲದಕ್ಕೂ ಕೂರುತ್ತೆ ಸಾರ್" ಅಂದರು. ಕೂರಲಿಲ್ಲ. ಹಳೇ ಮಾದರಿಯ ಆರು ಸ್ಕ್ರೂ ಬ್ರಿಜ್‌ನಲ್ಲಿ ಈ ತುದಿಯ ಸ್ಕ್ರೂನಿಂದ ಆ ತುದಿಯ ಸ್ಕ್ರೂವರೆಗೆ ಸುಮಾರು 56.4 ಮಿ.ಮೀ. ನನ್ನ ಬಾಡಿಯ ತೂತುಗಳು 52.5ರ ಲೆಕ್ಕದವು. ನಾಲ್ಕು ಮಿ.ಮೀ. ತಾನೇ, ಏನಾಗುತ್ತೆ ಅಂದುಕೊಂಡು ಹಳೇ ತೂತುಗಳಿಗೆ ಅಂಟು ಹಚ್ಚಿದ ಕಡ್ಡಿ ಬಡಿದು, ಪಕ್ಕದಲ್ಲೇ ಹೊಸದು ಕೊರೆದೆ. ಗಟ್ಟಿ ಕಡ್ಡಿಯ ಅಂಚಿಗೆ ತಾಗಿದ ಡ್ರಿಲ್ ಬಿಟ್ ಮೆತ್ತನೆ ಮರದ ಕಡೆ ಜಾರಿತು. ಬ್ರಿಜ್ ಸೊಟ್ಟಗಾಯಿತು. ತಂತಿ ಕಟ್ಟಿ ನೋಡಿದರೆ ಅತಿ ಸಣ್ಣ ತಂತಿ ನೆಕ್‌ನ ಅಂಚಿನಲ್ಲೇ ಓಡುತ್ತಿದೆ. ಬೆರಳು ಚೂರು ಎಳೆದರೂ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಬಿಟ್ಟು ಕೆಳಗಿಳಿಯುತ್ತೆ. ವಾಪಸ್ ಕೊಡೋಣವೆಂದರೆ ಡ್ರಿಲ್ ಮುಟ್ಟಿಸಿದ ಬಾಡಿಯನ್ನು ಯಾರು ತಗೊಳ್ತಾರೆ?

ತಂತಿ ಬಿಗಿಮಾಡುವ ಟ್ಯೂನರ್‌ಗಳದ್ದೂ ಇದೇ ಗೋಳು. ನೆಕ್‌ನ ತೂತು 10 ಮಿ.ಮೀ., ಹಳೇ ಮಾದರಿಯ ಟ್ಯೂನರ್ ಬುಶ್ (ತೂತಿನೊಳಗೆ ಕೂರುವ ಲೋಹದ ಬಳೆ) ಅದಕ್ಕಿಂತ ಒಂದು ಮಿ.ಮೀ.ಗೂ ಜಾಸ್ತಿ ಸಣ್ಣದು. ಇದಕ್ಕೆ ಅಡಾಪ್ಟರ್ ಬುಶ್ ಸಿಗುತ್ತೆ, ಬಚಾವಾದೆ.

ಪಿಕಪ್ ಕಥೆ ಮಾತ್ರ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ. 1950ರ ದಶಕದಲ್ಲಿ ಮೂರನೇ ತಂತಿಗೆ, ಅಂದರೆ ಜಿ ತಂತಿಗೆ, ಮೇಲೆ ಲೋಹದ ಸುತ್ತು ಇರುತ್ತಿತ್ತು. ಅದರ ಸದ್ದು ಕಮ್ಮಿ ಅಂತ ಪಿಕಪ್‌ನಲ್ಲಿ ಅದರ ಕೆಳಗೆ ಬರುವ ಅಯಸ್ಕಾಂತವನ್ನು ಎತ್ತರ ಇಟ್ಟಿದ್ದರು. ಹಳೇ ಮಾದರಿಯ ಪಿಕಪ್‌ಗಳಲ್ಲಿ ಇವತ್ತಿಗೂ ಹಾಗೇ. ನಾವು ಹಾಕುವುದೋ ಸುತ್ತಿಲ್ಲದ ಜಿ ತಂತಿ. ಅದೊಂದೇ ಕಿರುಚುತ್ತೆ. ಅಯಸ್ಕಾಂತವನ್ನು ಕೆಳಕ್ಕೆ ಒತ್ತಿದರಾಯಿತು ಅಂತ ಯಾರೋ ಹೇಳಿದ್ದು ನೆನಪಾಯಿತು. ಹೆಬ್ಬೆರಳಲ್ಲಿ ಒತ್ತಿದೆ, ಜಗ್ಗಲಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ಚೂರೇ ಚೂರು ಇಳಿಯಿತು. ಖುಷಿಯಿಂದ ಆಂಪ್‌ಗೆ ಹಾಕಿದರೆ ಸದ್ದೇ ಇಲ್ಲ. ಮೊದಲು ಪಿಕಪ್‌ನ ರೆಸಿಸ್ಟೆನ್ಸ್ 6 ಕಿಲೋ ಓಮ್ ಆಸುಪಾಸು ತೋರಿಸುತ್ತಿದ್ದ ಮೀಟರ್‌ನಲ್ಲೂ ಏನೂ ಇಲ್ಲ.

ಈ ಥರದ ಪಿಕಪ್‌ನಲ್ಲಿ ತಾಮ್ರದ ತಂತಿಯನ್ನು ಅಯಸ್ಕಾಂತಗಳ ಮೈಗೇ ಸುತ್ತಿರುತ್ತಾರೆ, ನಡುವೆ ಪ್ಲಾಸ್ಟಿಕ್ ಗೋಡೆ ಇರುವುದಿಲ್ಲ. ಆ ತಂತಿ ಸುಮಾರು 0.06 ಮಿ.ಮೀ. ದಪ್ಪ, ಕೂದಲಿನಷ್ಟು. ಅಯಸ್ಕಾಂತ ಜರುಗಿತೋ, ಆ ತಂತಿ ತುಂಡಾಯಿತು. ಮತ್ತೆ ಸುತ್ತಿಸದೆ ಬೇರೆ ದಾರಿಯಿಲ್ಲ. ಸಮ ಎತ್ತರದ ಅಯಸ್ಕಾಂತಗಳಿರುವ ಪಿಕಪ್ಪೂ ಸಿಗುತ್ತೆ. ಅದನ್ನು ತಗೊಂಡಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.

'ಕೂರುತ್ತೆ' ಅನ್ನುವ ಮಾತನ್ನು ನಂಬಬೇಡಿ. ಬ್ರಿಜ್ ಸ್ಕ್ರೂಗಳ ಅಂತರ, ನೆಕ್ ಕೂರುವ ಗುಂಡಿಯ ಅಗಲ, ಟ್ಯೂನರ್ ತೂತು: ಈ ಮೂರರ ಮೇಲೆ ಕ್ಯಾಲಿಪರ್ (ಅಳತೆ ಸಾಧನ) ಇಟ್ಟು ತೆಗೆದ ಫೋಟೋ ಕೇಳಿ. ಕಳಿಸದವರ ಹತ್ತಿರ ತಗೊಳ್ಳಲೇಬೇಡಿ. ನೆಕ್, ಬ್ರಿಜ್ ಎರಡನ್ನೂ ಬಾಡಿಯ ಮೇಲಿಟ್ಟು, ಎರಡೂ ತುದಿಯ ತಂತಿಯ ಜಾಗದಲ್ಲಿ ದಾರ ಎಳೆದು ನೋಡುವ ತನಕ ಡ್ರಿಲ್ ಡಬ್ಬಿಯಲ್ಲೇ ಇರಲಿ.