ಕೋಲಾರದ ಆಚಾರ್ರ ಅಂಗಡಿಯಲ್ಲಿ ಮಾಡಿಸಿದ ಮರದ ಮಸ್ಕಿಟೋ

ಕೋಲಾರದ ಕ್ಲಾಕ್ ಟವರ್‌ನಿಂದ ಸ್ವಲ್ಪ ಒಳಗೆ ಹೋದರೆ, ಬಾಗಿಲು ಕಿಟಕಿ ಮಾಡುವ ಒಂದು ಮರಗೆಲಸದ ಅಂಗಡಿ ಇದೆ. ಬೋರ್ಡ್ ಇಲ್ಲ. ಗೋಡೆಗೆ ಒರಗಿಸಿದ ಬೇವಿನ ಚೌಕಟ್ಟುಗಳೇ ಗುರುತು. ನಮ್ಮ ಹೈಸ್ಕೂಲಿನ ವಿಜ್ಞಾನ ಕೊಠಡಿಗೆ ಅಲ್ಲಿ ಡಿ ಹ್ಯಾವಿಲೆಂಡ್ ಮಸ್ಕಿಟೋ ವಿಮಾನದ ಮಾದರಿ ಮಾಡಿಸಿದೆ. ಕೆಲಸ ನೋಡಿ ಮನಸ್ಸು ತುಂಬಿತು.

ಮಸ್ಕಿಟೋನೇ ಯಾಕೆ ಅಂದರೆ, ಎರಡನೇ ಮಹಾಯುದ್ಧದ ಈ ವಿಮಾನದ ಮೈಯೆಲ್ಲ ಮರ. 1940ರ ನವೆಂಬರ್ 25ರಂದು ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್‌ನಲ್ಲಿ ಮೊದಲ ಸಲ ಹಾರಿತು. ಮೇಜು ಕುರ್ಚಿ ಮಾಡುತ್ತಿದ್ದ ಬಡಗಿಗಳೂ ಅದರ ಭಾಗಗಳನ್ನು ಮಾಡಿಕೊಟ್ಟರು. ಒಟ್ಟು 7,781 ವಿಮಾನ ತಯಾರಾದವು. ನನಗೆ ಅದಕ್ಕಿಂತ ದೊಡ್ಡ ವಿಷಯ, ಅದು ನಮ್ಮೂರಿಗೆ ಬಂದ ವಿಮಾನ. 1944ರಲ್ಲಿ ಬ್ರಿಟಿಷ್ ವಾಯುಪಡೆ ಆರ್‌ಎಎಫ್‌ನ 82ನೇ ಸ್ಕ್ವಾಡ್ರನ್ ವೆಂಜನ್ಸ್ ವಿಮಾನ ಬಿಟ್ಟು ಮಸ್ಕಿಟೋ ಹಿಡಿದಾಗ ಕೋಲಾರದಲ್ಲೇ ಇತ್ತು. ಇಲ್ಲಿನ ಮಕ್ಕಳು ಅದನ್ನು ಮುಟ್ಟಿ ನೋಡಬೇಕು ಅನ್ನೋದು ನನ್ನ ಆಸೆ.

ಆಚಾರ್ರಿಗೆ ಮೊದಲು ಮೊಬೈಲ್‌ನಲ್ಲಿ ಒಂದು ವಿಡಿಯೋ ತೋರಿಸಿದೆ. ಕೆಎ114 ಅನ್ನೋ ಮಸ್ಕಿಟೋ ಕೆನಡಾದ ಒಂದು ಹೊಲದಲ್ಲಿ ವರ್ಷಗಟ್ಟಲೆ ಬಿದ್ದು ಹಾಳಾಗಿತ್ತು. ನ್ಯೂಜಿಲೆಂಡಿನವರು ಅದರ ಮರದ ಭಾಗವನ್ನು ಹೊಸದಾಗಿ ಕಟ್ಟಿ, 2012ರ ಸೆಪ್ಟೆಂಬರ್ 27ರಂದು ಆರ್ಡ್‌ಮೋರ್‌ನಲ್ಲಿ ಮತ್ತೆ ಹಾರಿಸಿದರು. ಆಚಾರ್ರು ವಿಮಾನ ಹಾರಿದ್ದನ್ನು ಅಷ್ಟಾಗಿ ನೋಡಲಿಲ್ಲ. ಮೈಯನ್ನು ಉದ್ದಕ್ಕೆ ಎರಡು ಹೋಳಾಗಿ ಅಚ್ಚಿನ ಮೇಲೆ ಕಟ್ಟುವ ಜಾಗ ಬಂದಾಗ ಮಾತ್ರ ನಿಲ್ಲಿಸಿ ನಿಲ್ಲಿಸಿ ನೋಡಿದರು. "ಮೇಡಂ, ಇದು ನಮ್ಮ ಕೆಲಸಾನೇ ಅಲ್ವಾ" ಅಂದರು. ಅಲ್ಲೇ ಒಪ್ಪಿಕೊಂಡರು.

ಮಾದರಿ 1:24ರ ಅಳತೆ. ನಿಜವಾದ ವಿಮಾನ ರೆಕ್ಕೆ ತುದಿಯಿಂದ ತುದಿಗೆ ಸುಮಾರು 16.5 ಮೀಟರ್, ನಮ್ಮದು 69 ಸೆಂಟಿಮೀಟರ್. ಹಲಸಿನ ಮರದಲ್ಲಿ ಅಚ್ಚು ಕೆತ್ತಿದರು. ಅದರ ಮೇಲೆ ತೆಳು ಪ್ಲೈವುಡ್, ನಡುವೆ ನಾನು ತರಿಸಿಕೊಟ್ಟ ಬಾಲ್ಸಾ ಅನ್ನೋ ಮರದ ಪಟ್ಟಿಗಳು, ಮೇಲೆ ಮತ್ತೆ ಪ್ಲೈವುಡ್. ಅಸಲಿ ವಿಮಾನದಲ್ಲೂ ಹೀಗೇ, ಎರಡು ಬರ್ಚ್ ಮರದ ಪ್ಲೈವುಡ್ ನಡುವೆ ಬಾಲ್ಸಾ. ಬಾಲ್ಸಾ ಹಗುರ, ಮೇಲಿನ ಪದರ ಗಟ್ಟಿ, ಸೇರಿದಾಗ ಮೈ ಬಾಗೋದಿಲ್ಲ. ಅಂಟು ಒಣಗುವ ತನಕ ಅಲ್ಲಿ ಲೋಹದ ಪಟ್ಟಿ ಬಿಗಿಯುತ್ತಿದ್ದರು. ಇವರು ಹಳೇ ಸೈಕಲ್ ಟ್ಯೂಬ್ ಸೀಳಿ, ಬಾಲದಿಂದ ಮೂತಿಯವರೆಗೆ ಒತ್ತೊತ್ತಾಗಿ ಸುತ್ತಿದರು. ಬಿಚ್ಚಿದಾಗ ಎಲ್ಲೂ ಒಂದು ಗುಳ್ಳೆ ಎದ್ದಿರಲಿಲ್ಲ.

ಅಂಟಿನ ಬಗ್ಗೆ ಅವರು ತುಂಬಾ ಕೇಳಿದರು. ಮೊದಮೊದಲು ಹಾಲಿನಿಂದ ತೆಗೆಯುವ ಕೇಸೀನ್ ಅಂಟು ಬಳಸುತ್ತಿದ್ದರು, ಇಲ್ಲಿನ ಸೆಕೆಗೂ ತೇವಕ್ಕೂ ಅದು ತಡೆಯಲಿಲ್ಲ, ಆಮೇಲೆ ಫಾರ್ಮಾಲ್ಡಿಹೈಡ್ ಅನ್ನೋ ರಾಸಾಯನಿಕದ ಅಂಟು ಬಂತು ಅಂತ ಹೇಳಿದೆ. "ಅಂಟು ಎಷ್ಟೇ ಒಳ್ಳೇದಿರಲಿ, ಸಂದು ಕೂತಿಲ್ಲ ಅಂದ್ರೆ ಬಿಟ್ಕೊಳ್ಳುತ್ತೆ" ಅಂದರು. 1944ರಲ್ಲಿ ಮಸ್ಕಿಟೋ ಅಪಘಾತಗಳ ತನಿಖೆಯಲ್ಲೂ ಸಂದುಗಳ ಕೆಲಸದ ದೋಷ ಕಂಡುಬಂದಿತ್ತು!

ಒಂದು ಹೋಳಿಗೆ ಬಣ್ಣ ಬಳಿಯಬೇಡಿ, ತುದಿ ಕತ್ತರಿಸಿ ಪದರ ಕಾಣುವ ಹಾಗೆ ಬಿಡಿ ಅಂದಿದ್ದೆ. ಹಾಗೇ ಮಾಡಿದ್ದಾರೆ. ಇನ್ನೊಂದು ಹೋಳಿಗೆ, ಅಸಲಿಯಂತೆ ಹತ್ತಿ ಬಟ್ಟೆ ಬೇಕು ಅಂದಾಗ, ಮೆತ್ತನೆ ಮಲ್ ಪಂಚೆ ಅಂಟಿಸಿ ಉಪ್ಪುಕಾಗದದಲ್ಲಿ ನಯ ಮಾಡಿದರು. ಬೆರಳಾಡಿಸಿದರೆ ನೇಯ್ಗೆ ಸ್ವಲ್ಪವೇ ತಾಗುತ್ತೆ.

ಎಂಜಿನ್ ಗೂಡುಗಳು ಮಾತ್ರ ದಪ್ಪ ಆಗಿವೆ. ರೆಕ್ಕೆಯ ಮುಂಚೂಣಿಯಲ್ಲಿ ರೇಡಿಯೇಟರ್ ಕಿಂಡಿ ಕೊರೆಯಬೇಕಿತ್ತು, ಕಪ್ಪು ಬಣ್ಣ ಬಳಿದು ಬಿಟ್ಟಿದ್ದಾರೆ. ಅವರು ಕರೆಸಿದ ಪೇಂಟರ್ ಹೊಳೆಯುವ ಎನಾಮೆಲ್ ಹೊಡೆದ, ಯುದ್ಧವಿಮಾನಕ್ಕೆ ಅದು ಒಪ್ಪೋದಿಲ್ಲ. ಹೇಳಿದ ದಿನಕ್ಕೂ ಸಿಗಲಿಲ್ಲ. ಗೃಹಪ್ರವೇಶದ ಬಾಗಿಲುಗಳು ಮೊದಲು, ನಮ್ಮದು ಆಮೇಲೆ. ಕೂಲಿ 6,500 ರೂಪಾಯಿ, ಬಾಲ್ಸಾ ಖರ್ಚು ಬೇರೆ. ಈ ಕೈಕೆಲಸಕ್ಕೆ ಅದು ಜಾಸ್ತಿ ಅಲ್ಲವೇ ಅಲ್ಲ.

ಹೋಗುವವರು ಬಣ್ಣದ ಕೆಲಸ ಬೇರೆ ಕಡೆ ಮಾಡಿಸಿ. ಅಳತೆಯನ್ನು ಇಂಚು, ನೂಲಿನಲ್ಲಿ (ಇಂಚಿನ ಎಂಟನೇ ಒಂದು ಭಾಗ) ಬರೆದುಕೊಂಡು ಹೋಗಿ, ಪಕ್ಕದಿಂದ ಮತ್ತು ಮೇಲಿಂದ ತೆಗೆದ ಚಿತ್ರ ಎರಡೂ ಇರಲಿ. ಸಂಜೆ ಹೊತ್ತು ಹೋದರೆ ಆಚಾರ್ರು ಕೂತು ಮಾತಾಡಲು ಸಿಗುತ್ತಾರೆ.