ಝೋಟೆರೊ: ಇನ್ಫೋಗ್ರಾಫಿಕ್ ಬೆನ್ನು ಹತ್ತುವವರಿಗೆ

ಸ್ನಾತಕೋತ್ತರ ಪದವಿಯ ಕಾಲದಿಂದಲೂ, ಆಕರಗಳನ್ನು ಕೂಡಿಟ್ಟು ಉಲ್ಲೇಖಪಟ್ಟಿ ಮಾಡಿಕೊಡುವ ಝೋಟೆರೊ ತಂತ್ರಾಂಶ ಬಳಸುತ್ತಿದ್ದೇನೆ. ಈಗ ಸಾರ್ವಜನಿಕ ಆರೋಗ್ಯದಲ್ಲಿ ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದೇನೆ. ಲೇಖನವೊಂದರ ಡಿಒಐ (ಅದರ ಕಾಯಂ ಗುರುತಿನ ಸಂಖ್ಯೆ) ಅಂಟಿಸಿದರೆ ಲೇಖಕರು, ಪತ್ರಿಕೆ, ಸಂಪುಟ, ಪುಟಗಳು ತಾವಾಗಿಯೇ ಬಂದು ಕೂರುವುದು ಎಲ್ಲರಿಗೂ ಗೊತ್ತು. ನಾನು ಹೇಳಹೊರಟಿರುವುದು ಇನ್ಫೋಗ್ರಾಫಿಕ್, ಅಂದರೆ ಅಂಕಿ-ಅಂಶಗಳನ್ನು ಚಿತ್ರದಲ್ಲಿ ಹೇಳುವ ಬಗೆಯ ವಿಷಯ.

ಅದಕ್ಕೆಂದೇ ಇಲ್ಲಿ ಪ್ರತ್ಯೇಕ ವರ್ಗವಿಲ್ಲ. 'ಆರ್ಟ್‌ವರ್ಕ್' ಎಂದು ಸೇರಿಸಿ, 'ಮೀಡಿಯಂ' ಎಂಬಲ್ಲಿ ಇನ್ಫೋಗ್ರಾಫಿಕ್ ಎಂದು ಬರೆದರೆ ಎಪಿಎ ಎಂಬ ಉಲ್ಲೇಖ ಶೈಲಿಯಲ್ಲಿ ಶೀರ್ಷಿಕೆಯ ಪಕ್ಕ ಚೌಕ ಆವರಣದಲ್ಲಿ ಅದು ಮೂಡುತ್ತದೆ. ಅಷ್ಟು ಸಾಕು. ನನಗೆ ಸಿಟ್ಟು ಬರುವುದು ಚಿತ್ರ ಪ್ರಕಟಿಸುವವರ ಮೇಲೆ. ಲಸಿಕೆ ಕುರಿತು ಅಂದವಾದ ಚಿತ್ರ ಸಿಗುತ್ತದೆ. ಮೂಲೆಯಲ್ಲೊಂದು ಲಾಂಛನ ಬಿಟ್ಟರೆ ವರ್ಷವಿಲ್ಲ, ರಚಿಸಿದವರ ಹೆಸರಿಲ್ಲ, ಅಂಕಿಗಳು ಎಲ್ಲಿಂದ ಬಂದವೆಂಬ ಸುಳಿವಿಲ್ಲ. ಪುಟದಲ್ಲೇ ಇಲ್ಲದ್ದನ್ನು ತಂತ್ರಾಂಶ ಎಲ್ಲಿಂದ ತಂದೀತು? 'ಅವರ್ ವರ್ಲ್ಡ್ ಇನ್ ಡೇಟಾ' ಜಾಲತಾಣ ತನ್ನ ನಕ್ಷೆಗಳ ಅಡಿಯಲ್ಲೇ ದತ್ತಾಂಶದ ಮೂಲ ಹೇಳುತ್ತದೆ, ಆ ಮೂಲವನ್ನೂ ಉಲ್ಲೇಖಿಸಿ ಎಂದು ಕೇಳುತ್ತದೆ. ಉಳಿದವರಿಗೆ ಇದೇಕೆ ಸಾಧ್ಯವಿಲ್ಲ?

ಹೀಗಾಗಿ ವಾರದ ಕೊನೆಗೆ ಹೊಸ ಚಿತ್ರಗಳನ್ನು ಒಂದೊಂದಾಗಿ ತೆರೆದು ಕೂರುತ್ತೇನೆ. ಅಡಿಯಲ್ಲಿನ ಇರುವೆಸಾಲಿನಂಥ ಅಕ್ಷರಗಳನ್ನು ಹಿಗ್ಗಿಸಿ ಓದಿ, ಅಲ್ಲಿ ಹೇಳಿದ ಅಧ್ಯಯನವನ್ನು ಹುಡುಕಿ ಸೇರಿಸಿ, 'ರಿಲೇಟೆಡ್' ಪಟ್ಟಿಯಲ್ಲಿ ಎರಡಕ್ಕೂ ಗಂಟು ಹಾಕುತ್ತೇನೆ. ಅಧ್ಯಯನ ಸಿಗದಿದ್ದರೆ ಚಿತ್ರವನ್ನು ಕೈಬಿಡುತ್ತೇನೆ. ಉಲ್ಲೇಖಿಸುವುದು ಬೇರೆ, ಚಿತ್ರವನ್ನೇ ಪ್ರಬಂಧದಲ್ಲಿ ಅಚ್ಚು ಹಾಕುವುದು ಬೇರೆಯಾದ್ದರಿಂದ 'ರೈಟ್ಸ್' ಅಂಕಣದಲ್ಲಿ ಪರವಾನಗಿಯನ್ನೂ ಬರೆದಿಡುತ್ತೇನೆ.

ಈ ಗಂಟಿನ ಬೆಲೆ ತಿಳಿದದ್ದು ಕೆಂಪು ಪಟ್ಟಿಯಿಂದ. 2019ರಿಂದ ಝೋಟೆರೊ ನಮ್ಮ ಸಂಗ್ರಹವನ್ನು ಹಿಂತೆಗೆದುಕೊಂಡ ಲೇಖನಗಳನ್ನು ಪಟ್ಟಿ ಮಾಡುವ ರಿಟ್ರ್ಯಾಕ್ಷನ್ ವಾಚ್ ದತ್ತಾಂಶದೊಡನೆ ತಾಳೆ ನೋಡುತ್ತಿದೆ. ಎಂಎಂಆರ್ (ದಡಾರ, ಮಂಗಬಾವು, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ ವೇಕ್‌ಫೀಲ್ಡ್ ಮತ್ತಿತರರ ಲೇಖನ 1998ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದಿತ್ತು. ಪತ್ರಿಕೆ ಅದನ್ನು 2010ರಲ್ಲಿ ಹಿಂತೆಗೆದುಕೊಂಡಿತು. ಲಸಿಕೆ ವಿರೋಧದ ಇತಿಹಾಸ ಬರೆಯಲು ಅದನ್ನು ಸೇರಿಸಿದಾಗ ಮೇಲೆ ಕೆಂಪು ಪಟ್ಟಿ ಬಂತು. ವರ್ಡ್‌ನಲ್ಲಿ ಉಲ್ಲೇಖಿಸಹೋದಾಗ ಮತ್ತೊಮ್ಮೆ ತಡೆದು ಎಚ್ಚರಿಸಿತು. ಚಿತ್ರಕ್ಕೆ ಇಂಥ ಎಚ್ಚರಿಕೆ ತಾನಾಗಿ ಬರುವುದಿಲ್ಲ. ಅದರ ಅಧ್ಯಯನ ಕೆಂಪಾದರೆ, ಗಂಟು ಹಿಡಿದು ಹೋಗಿ ಆ ಚಿತ್ರವನ್ನು ನಾನೇ ತೆಗೆಯಬೇಕು.

ಶಿಷ್ಯವೇತನದಲ್ಲಿ ಬದುಕುವವಳಿಗೆ ಇಷ್ಟೆಲ್ಲ ಉಚಿತವಾಗಿ ಸಿಗುವುದು ದೊಡ್ಡದು. ಕಡತಗಳಿಗೆ ಉಚಿತ ಜಾಗ 300 ಎಂಬಿ ಮಾತ್ರ, ಚಿತ್ರಗಳು ಬೇಗನೆ ತುಂಬುತ್ತವೆ. ನಾನು ಕಡತಗಳನ್ನು ಲ್ಯಾಪ್‌ಟಾಪಿನಲ್ಲೇ ಇಟ್ಟು ವಿವರಗಳನ್ನಷ್ಟೇ ಸಿಂಕ್ ಮಾಡುತ್ತೇನೆ. ಅದಕ್ಕೆ ಮಿತಿಯಿಲ್ಲ.