ಕಾಮಿಕ್ಸ್ ಸ್ಪರ್ಧೆಗೆ ಕಥಾಸಾರ ಕಳಿಸುವ ಮುನ್ನ ಹಕ್ಕುಗಳ ಷರತ್ತು ಓದಿ

ಕಿರು ಕಾಮಿಕ್ಸ್ ಬರೆದು ಬಿಡಿಸುವ ಎಲ್ಲರಲ್ಲಿ, ಮುಖ್ಯವಾಗಿ ಈಗಷ್ಟೇ ಕೈ ಹಚ್ಚಿರುವ ಹುಡುಗ ಹುಡುಗಿಯರಲ್ಲಿ, ನನ್ನದೊಂದು ಕೋರಿಕೆ. ಆನ್‌ಲೈನ್ ಸ್ಪರ್ಧೆಯೊಂದರ ಎರಡನೆಯ ವರ್ಷದ ಕರೆ ಈ ವಾರ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ನನಗೇ ಮೂವರು ಕಳಿಸಿದರು. ಅವರಲ್ಲಿ ಒಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ. "ಟೀಚರ್, ಈ ಸಲ ನಾನೂ ಕಳಿಸುತ್ತೇನೆ, ನೀವೂ ಕಳಿಸಿ" ಎಂದು ಬರೆದಿದ್ದಳು. ಕಳೆದ ವರ್ಷ ನಾನು ಕಳಿಸಿದ್ದೆ. ಅದರಿಂದ ಏನಾಯಿತು ಎಂಬುದನ್ನು ಅವಳಿಗೆ ಫೋನಿನಲ್ಲಿ ಹೇಳಿದ್ದಾಯಿತು. ಇನ್ನುಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಆಯೋಜಕರ ಹೆಸರನ್ನು ಇಲ್ಲಿ ಹಾಕುತ್ತಿಲ್ಲ. ಅವರೊಂದಿಗಿನ ಪತ್ರವ್ಯವಹಾರ ಇನ್ನೂ ಮುಗಿದಿಲ್ಲ. ಹೆಸರು ತಿಳಿದರೆ ನೀವು ಆ ಒಂದು ಸ್ಪರ್ಧೆಯಿಂದ ಮಾತ್ರ ದೂರ ಉಳಿಯುತ್ತೀರಿ. ಷರತ್ತನ್ನು ಗುರುತಿಸಲು ಕಲಿತರೆ ಅಂಥ ಯಾವ ಸ್ಪರ್ಧೆಯಿಂದಲೂ ಪಾರಾಗಬಹುದು.

ನಾನು ಕಳಿಸಿದ್ದು ನನ್ನ ಅಜ್ಜಿಯ ಕಥೆ. ನನ್ನ ತಾಯಿಯ ತಾಯಿ ಧಾರವಾಡದ ಹಳೆ ಬಸ್ ನಿಲ್ದಾಣದ ಹೊರಗೆ ಹುರಿದ ಶೇಂಗಾ ಮಾರುತ್ತಿದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಸವದತ್ತಿಯ ಬಸ್ಸು ಎಷ್ಟು ಹೊತ್ತಿಗೆ, ಹಳಿಯಾಳದ ಕೊನೆಯ ಬಸ್ಸು ಯಾವುದು, ಸಂತೆಯ ದಿನ ಅಳ್ನಾವರದ ಬಸ್ಸು ಎಷ್ಟು ತಡವಾಗುತ್ತದೆ ಎಂಬುದೆಲ್ಲ ಅವಳ ಬಾಯಲ್ಲೇ ಇತ್ತು. ಹಳ್ಳಿಯಿಂದ ಬಂದವರು ವೇಳಾಪಟ್ಟಿಯ ಫಲಕದ ಕಡೆ ನೋಡದೆ ನೇರವಾಗಿ ಅವಳ ಬುಟ್ಟಿಯ ಹತ್ತಿರ ಬರುತ್ತಿದ್ದರು. ಕಾಮಿಕ್ಸಿಗಾಗಿ ನಾನು ಅವಳಿಗೆ ಒಂದು ವಸ್ತು ಕೊಟ್ಟೆ. ಎಲೆ ಅಡಿಕೆಯ ಚಂಚಿಯೊಳಗೆ ಬಣ್ಣಬಣ್ಣದ ದಾರಗಳು, ಒಂದೊಂದು ಊರಿಗೆ ಒಂದೊಂದು ಬಣ್ಣ, ಒಂದೊಂದು ಬಸ್ಸಿಗೆ ಒಂದೊಂದು ಗಂಟು. ಯಾರಾದರೂ ಊರಿನ ಹೆಸರು ಹೇಳಿದರೆ ಅಜ್ಜಿ ಚಂಚಿಯೊಳಗೆ ಕೈ ಹಾಕಿ, ಕಣ್ಣು ಮುಚ್ಚಿ ಗಂಟು ಎಣಿಸುತ್ತಾಳೆ. ನನ್ನ ನಿಜವಾದ ಅಜ್ಜಿಯ ಚಂಚಿಯಲ್ಲಿ ದಾರಗಳಿರಲಿಲ್ಲ. ಅದು ಪೂರ್ತಿ ನನ್ನ ಕಲ್ಪನೆ. ಈ ಮಾತು ಮುಂದೆ ಮುಖ್ಯವಾಗುತ್ತದೆ.

ಸ್ಪರ್ಧೆಗೆ ಮೂರು ಸುತ್ತು. ಮೊದಲ ಸುತ್ತಿಗೆ ನೂರು ಪದಗಳ ಕಥಾಸಾರ, ಮುಖ್ಯ ಪಾತ್ರವನ್ನು ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ತೋರಿಸುವ ಹಾಳೆ, ಆರು ಮುಖಭಾವಗಳು, ಮೊದಲ ಎರಡು ಪುಟಗಳ ಪೆನ್ಸಿಲ್ ಕರಡು. ಪ್ರವೇಶ ಶುಲ್ಕ 300 ರೂಪಾಯಿ. ಆಯ್ಕೆಯಾದ ನಲವತ್ತು ಮಂದಿ ಇಪ್ಪತ್ತೊಂದು ದಿನಗಳಲ್ಲಿ ಎಂಟು ಪುಟಗಳ ಕಾಮಿಕ್ಸ್ ಮುಗಿಸಬೇಕು. ಆಮೇಲೆ ಸಾರ್ವಜನಿಕರ ಮತ, ತೀರ್ಪುಗಾರರ ಅಂಕ. ಮೊದಲ ಬಹುಮಾನ 50,000 ರೂಪಾಯಿ.

ನಾನು ನಲವತ್ತರಲ್ಲಿ ಒಬ್ಬಳಾದೆ. ಆ ಇಪ್ಪತ್ತೊಂದು ದಿನ ನಾನು ಮಲಗಿದ್ದು ಕಡಿಮೆ. ಬೆಳಗ್ಗೆ ಶಾಲೆ, ಸಂಜೆ ಮನೆಗೆಲಸ, ರಾತ್ರಿ ಹತ್ತರ ಮೇಲೆ ಚಿತ್ರ. ಎರಡು ಭಾನುವಾರ ಬಸ್ ನಿಲ್ದಾಣಕ್ಕೆ ಹೋಗಿ ಕುಳಿತು ಹಿನ್ನೆಲೆಗೆ ಬೇಕಾದದ್ದನ್ನೆಲ್ಲ ನೋಡಿ ಬರೆದುಕೊಂಡೆ. ಕಂಬಕ್ಕೆ ಒರಗಿ ನಿಲ್ಲುವ ಕಂಡಕ್ಟರ್, ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವವರು, ಬಸ್ಸಿನ ಮೇಲೇರಿಸುವ ಕೋಳಿ ಬುಟ್ಟಿ. ನಿಂತುಹೋದ ಗಡಿಯಾರವೊಂದನ್ನು ನಾನೇ ಸೇರಿಸಿ, ಅದರ ಮುಳ್ಳುಗಳನ್ನು ನಾಲ್ಕೂ ಹತ್ತಕ್ಕೆ ನಿಲ್ಲಿಸಿದೆ. ನನ್ನ ಅಜ್ಜಿ ತೀರಿಕೊಂಡ ಹೊತ್ತು ಅದು.

ಮಾತಿನ ಗುಳ್ಳೆಗಳ ಅಕ್ಷರಗಳನ್ನೆಲ್ಲ ಕೈಯಲ್ಲೇ ಬರೆದೆ. ಕನ್ನಡದಲ್ಲಿ ಕಾಮಿಕ್ಸ್ ಮಾಡುವವರಿಗೆ ಕಾರಣ ಗೊತ್ತಿರುತ್ತದೆ. ಕೆಲವು ಚಿತ್ರ ತಂತ್ರಾಂಶಗಳಲ್ಲಿ ಸರಿಯಾದ ಆಯ್ಕೆ ಹಾಕದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ, "ಅಜ್ಜಿ" ಎಂದು ಬರೆದದ್ದು ಅಜ್ಜಿಯಾಗಿ ಉಳಿಯುವುದಿಲ್ಲ. ಕೈಬರಹ ನಿಧಾನ, ಆದರೆ ಅದಕ್ಕೊಂದು ದನಿ ಇರುತ್ತದೆ.

ಅಷ್ಟರಲ್ಲಿ ಆಯೋಜಕರಿಂದ ಮಿಂಚಂಚೆ ಬಂತು. ಪುಟಗಳನ್ನು 600 ಡಿಪಿಐ ಅಳತೆಯಲ್ಲಿ (ಇಂಚಿಗೆ 600 ಚುಕ್ಕೆ), ಪದರಗಳನ್ನು ಬಿಡಿಯಾಗಿಟ್ಟ ಮೂಲ ಫೈಲಿನಲ್ಲೇ ಕಳಿಸಬೇಕು. ಹಿನ್ನೆಲೆ ಬೇರೆ, ಪಾತ್ರಗಳು ಬೇರೆ, ಬಣ್ಣ ಬೇರೆ, ಅಕ್ಷರ ಬೇರೆ. ಮುದ್ರಣಕ್ಕೆ ಅನುಕೂಲ ಎಂಬ ಕಾರಣ ಕೊಟ್ಟಿದ್ದರು. ಮುದ್ರಣಕ್ಕೆ ಪದರಗಳನ್ನು ಸೇರಿಸಿದ ಒಂದು ಪಿಡಿಎಫ್ ಸಾಕು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಾದೆ. ನಲವತ್ತರಲ್ಲಿ ಒಬ್ಬಳಾದ ಸಂತೋಷ ಮನಸ್ಸನ್ನು ತುಂಬಿಕೊಂಡಿತ್ತು, ಪ್ರಶ್ನೆ ಕೇಳಿದರೆ ಎಲ್ಲಿ ಹೊರಗಿಡುತ್ತಾರೋ ಎಂಬ ಅಂಜಿಕೆಯೂ ಇತ್ತು. ಎರಡು ರಾತ್ರಿ ಕುಳಿತು ಪದರಗಳನ್ನು ಬಿಡಿಸಿ, ಹೆಸರಿಟ್ಟು, ಜೋಡಿಸಿ ಕಳಿಸಿದೆ.

ಬಹುಮಾನ ಬರಲಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ, ಗೆದ್ದ ಕಥೆ ಚೆನ್ನಾಗಿತ್ತು. ಭಾಗವಹಿಸಿದ್ದಕ್ಕೆ ಪ್ರಮಾಣಪತ್ರ ಬಂತು, ಎತ್ತಿಟ್ಟೆ.

ಹತ್ತು ತಿಂಗಳ ಮೇಲೆ ನನ್ನ ತಮ್ಮ ಪುಣೆಯಿಂದ ಫೋನ್ ಮಾಡಿದ. "ಅಕ್ಕಾ, ನಮ್ಮ ಅಜ್ಜಿಯನ್ನು ಜಾಹೀರಾತಿನಲ್ಲಿ ಹಾಕಿದ್ದಾರೆ, ನೀನು ಹೇಳಲೇ ಇಲ್ಲವಲ್ಲ" ಎಂದ. ಅವನು ಕಳಿಸಿದ ತುಣುಕನ್ನು ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ನಿಂತೇ ನೋಡಿದೆ. ಹಣ ಪಾವತಿಯ ಆ್ಯಪ್ ಒಂದರ ಹಿಂದಿ ಜಾಹೀರಾತು. ಬಸ್ ನಿಲ್ದಾಣದಲ್ಲಿ ಶೇಂಗಾ ಮಾರುವ ಮುದುಕಿ. ಮುಖ ಬೇರೆ ಯಾರದೋ ಕೈಯದು, ನುಣುಪಾಗಿ, ಸುಕ್ಕುಗಳೇ ಇಲ್ಲದೆ. ಆದರೆ ಅವಳ ಕೈಯಲ್ಲಿ ಚಂಚಿ, ಚಂಚಿಯಲ್ಲಿ ಬಣ್ಣದ ದಾರಗಳು, ದಾರಗಳಲ್ಲಿ ಗಂಟುಗಳು. ಅವಳ ಹಿಂದೆ ನಾನು ಭಾನುವಾರ ಕುಳಿತು ಬಿಡಿಸಿದ ನಿಲ್ದಾಣ, ಗೆರೆ ಗೆರೆಯೂ ನನ್ನದೇ. ಗಡಿಯಾರದಲ್ಲಿ ನಾಲ್ಕೂ ಹತ್ತು. ಗಂಟು ಎಣಿಸುತ್ತಿದ್ದ ಮುದುಕಿಯ ಕೈಗೆ ಯಾರೋ ಮೊಬೈಲ್ ಕೊಡುತ್ತಾರೆ. ಅವಳು ದಾರಗಳನ್ನು ಬಿಸಾಡಿ ನಗುತ್ತಾಳೆ.

ದಾರಗಳನ್ನು ಬಿಸಾಡುತ್ತಾಳೆ. ನನ್ನ ಕಥೆಯಲ್ಲಿ ಅಜ್ಜಿ ಸಾಯುವ ಮುನ್ನ ಆ ದಾರಗಳನ್ನು ಮೊಮ್ಮಗಳ ಮಣಿಕಟ್ಟಿಗೆ ಕಟ್ಟುತ್ತಾಳೆ. ಆ ದಿನ ಮುಂದಿನ ತರಗತಿಗೆ ನನ್ನಿಂದ ಹೋಗಲಾಗಲಿಲ್ಲ.

ಆಯೋಜಕರಿಗೆ ಫೋನ್ ಮಾಡಿದಾಗ ಮಾತಾಡಿದವರು ಮರ್ಯಾದೆಯಿಂದಲೇ ಹೇಳಿದರು: "ಮೇಡಂ, ನೀವು ಒಪ್ಪಿಗೆ ಕೊಟ್ಟ ಮೇಲೆಯೇ ಅರ್ಜಿ ಮುಂದಕ್ಕೆ ಹೋಗಿದೆ. ಹದಿನಾಲ್ಕನೆಯ ಷರತ್ತು ನೋಡಿ."

ನೋಡಿದೆ. ಇಂಗ್ಲಿಷಿನಲ್ಲಿ ಒಂದೇ ವಾಕ್ಯ, ಹನ್ನೊಂದು ಸಾಲು. ಅದರ ಸಾರ ಹೀಗಿದೆ. ಯಾವುದೇ ಸುತ್ತಿನಲ್ಲಿ, ಆಯ್ಕೆಯಾಗಲಿ ಬಿಡಲಿ, ಕಳಿಸಿದ ಪ್ರತಿಯೊಂದು ಕಥಾಸಾರ, ಪಾತ್ರ, ಕರಡು ಮತ್ತು ಪುಟದ ಎಲ್ಲ ಹಕ್ಕುಗಳು ಶಾಶ್ವತವಾಗಿ, ಜಗತ್ತಿನಾದ್ಯಂತ, ಸಂಭಾವನೆಯಿಲ್ಲದೆ, ಹಿಂತೆಗೆದುಕೊಳ್ಳಲಾಗದಂತೆ ಆಯೋಜಕರಿಗೆ ಸೇರುತ್ತವೆ. ಅವರು ಅದನ್ನು ಬದಲಾಯಿಸಬಹುದು, ಬೇರೆಯವರಿಗೆ ಮಾರಬಹುದು, ಕಲಾವಿದರ ಹೆಸರು ಹಾಕಬೇಕಾಗಿಲ್ಲ.

"ಆಯ್ಕೆಯಾಗಲಿ ಬಿಡಲಿ" ಎಂಬುದನ್ನು ಇನ್ನೊಮ್ಮೆ ಓದಿ. ನಾವೆಲ್ಲ ಬಹುಮಾನ ಬಂದಾಗ ಒಪ್ಪಂದ ಓದೋಣ ಎಂದುಕೊಳ್ಳುತ್ತೇವೆ. ಇಲ್ಲಿ ನನ್ನ ಅಜ್ಜಿ ಕೈಬಿಟ್ಟುಹೋದದ್ದು ಕೊನೆಯ ಸುತ್ತಿನಲ್ಲಲ್ಲ, 300 ರೂಪಾಯಿ ಕಟ್ಟಿ ಕಥಾಸಾರ ಕಳಿಸಿದ ಮೊದಲ ದಿನವೇ. ಶಿವಮೊಗ್ಗದ ಹುಡುಗನೊಬ್ಬ ಮೊದಲ ಸುತ್ತಿನಲ್ಲೇ ಹೊರಬಿದ್ದಿದ್ದ. ಅವನು ಬಿಡಿಸಿದ್ದ, ಮಳೆಗಾಲದಲ್ಲಿ ಮಾತ್ರ ಮಾತಾಡುವ ಕೊಡೆ, ಆಮೇಲೆ ಮಕ್ಕಳ ತಿಂಡಿಯ ಪೊಟ್ಟಣವೊಂದರ ಮೇಲೆ ಕಾಣಿಸಿಕೊಂಡಿತು. ನೂರಾರು ಕಲಾವಿದರ ಪಾತ್ರಗಳು, ಅವರದೇ ಶುಲ್ಕದಲ್ಲಿ, ಒಂದೇ ಕಡೆ ರಾಶಿ ಬಿದ್ದಿದ್ದವು. ಮೊದಲ ಬಹುಮಾನದ 50,000 ರೂಪಾಯಿಗೆ ಆ ರಾಶಿಯೆಲ್ಲ ಅವರದಾಯಿತು.

ಪರಿಚಯದ ವಕೀಲರೊಬ್ಬರು ಕುಳಿತು ಎಲ್ಲವನ್ನೂ ವಿವರಿಸಿದರು. ಅವರಿಂದ ತಿಳಿದದ್ದನ್ನು ನಿಮಗೂ ಹೇಳುತ್ತೇನೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರಿಯ ಆಲೋಚನೆಗೆ ರಕ್ಷಣೆಯಿಲ್ಲ. "ಬಸ್ಸಿನ ವೇಳೆ ಹೇಳುವ ಮುದುಕಿ" ಎಂಬ ಒಂದು ಸಾಲನ್ನು ಯಾರು ಬೇಕಾದರೂ ಬಳಸಬಹುದು. ಆದರೆ ಅದನ್ನು ನೀವು ಬರೆದ ರೀತಿಗೆ, ಬಿಡಿಸಿದ ಚಿತ್ರಕ್ಕೆ ರಕ್ಷಣೆ ಇದೆ, ಅದೂ ಬಿಡಿಸಿದ ಕ್ಷಣದಿಂದಲೇ. ನೋಂದಣಿ ಕಡ್ಡಾಯವಲ್ಲ. ಹಕ್ಕು ನಿಮ್ಮ ಜೀವಿತಾವಧಿ ಪೂರ್ತಿ, ನಂತರ 60 ವರ್ಷ ಉಳಿಯುತ್ತದೆ. ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸುವುದಾದರೆ 19ನೆಯ ಕಲಮಿನಂತೆ ಅದು ಬರಹದಲ್ಲಿರಬೇಕು, ಕೊಡುವವರ ಸಹಿ ಇರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೇ ಲೆಕ್ಕ, ಪ್ರದೇಶ ನಮೂದಿಸದಿದ್ದರೆ ಭಾರತದೊಳಗೆ ಮಾತ್ರ. ಅದಕ್ಕಾಗಿಯೇ ಇಂಥ ಷರತ್ತುಗಳಲ್ಲಿ "ಶಾಶ್ವತ", "ಜಗತ್ತಿನಾದ್ಯಂತ" ಎಂಬ ಪದಗಳನ್ನು ತಪ್ಪದೆ ಸೇರಿಸುತ್ತಾರೆ. ಮೊಬೈಲಿನಲ್ಲಿ ಚೌಕದೊಳಗೆ ಗುರುತು ಹಾಕಿದ್ದು ಸಹಿಯಾಗುತ್ತದೆಯೇ ಎಂದು ನ್ಯಾಯಾಲಯದಲ್ಲಿ ವಾದಿಸಬಹುದು, ಆದರೆ ಅದಕ್ಕೆ ವರ್ಷಗಳು ಹಿಡಿಯುತ್ತವೆ, ಹಣ ಬೇಕು ಎಂದರು. ನನ್ನ ಬಳಿ ಎರಡೂ ಇಲ್ಲ.

ಒಂದು ಕಲಮು ಮಾತ್ರ ನನಗೆ ಧೈರ್ಯ ಕೊಟ್ಟಿತು. 57ನೆಯದು. ಹಕ್ಕುಗಳನ್ನು ಕೊಟ್ಟುಬಿಟ್ಟ ಮೇಲೂ ಇದು ತನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕು ಕಲಾವಿದರಲ್ಲೇ ಇರುತ್ತದೆ. ತನ್ನ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ತಿರುಚಿದರೆ ಆಕ್ಷೇಪಿಸುವ ಹಕ್ಕೂ ಇರುತ್ತದೆ. ಆ ಕಲಮಿನ ಆಧಾರದಲ್ಲಿ ನೋಟಿಸ್ ಕಳಿಸಿದೆವು. ಉತ್ತರವಾಗಿ 5,000 ರೂಪಾಯಿ ಕೊಡುತ್ತೇವೆ, ಮುಂದೆ ಯಾವ ತಕರಾರೂ ಇಲ್ಲವೆಂದು ಬರೆದುಕೊಡಿ ಎಂದು ಕೇಳಿದರು. ನಾನು ಬರೆದುಕೊಟ್ಟಿಲ್ಲ.

ಇದು ಹೊಸ ಕಥೆಯೂ ಅಲ್ಲ. 1938ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಇಬ್ಬರು ಯುವಕರು, ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್, ತಮ್ಮ ಸೂಪರ್‌ಮ್ಯಾನ್ ಪಾತ್ರದ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟರು. ಆ ಪಾತ್ರದ ಜೊತೆ ಅವರ ಹೆಸರು ಮತ್ತೆ ಬರುವಂತಾಗಿ, ವರ್ಷಕ್ಕೊಂದಿಷ್ಟು ಜೀವನಾಂಶ ಸಿಗುವಂತಾದದ್ದು 1975ರಲ್ಲಿ. ಅಷ್ಟು ಹೊತ್ತಿಗೆ ಇಬ್ಬರೂ ಅರವತ್ತು ದಾಟಿದ್ದರು. ಅವರಿಗೆ 130 ಡಾಲರಾದರೂ ಸಿಕ್ಕಿತ್ತು. ನಾವು ಕೈಯಿಂದ ಶುಲ್ಕ ಕೊಟ್ಟು ಬರೆದುಕೊಟ್ಟಿದ್ದೇವೆ.

ಈಗ ಅರ್ಜಿ ತುಂಬಲು ಕುಳಿತವರಿಗೆ ಹೇಳುವುದಿಷ್ಟು. ನಿಯಮಗಳ ಪುಟವನ್ನು ಮೊದಲು ತೆರೆಯಿರಿ, ಪೆನ್ಸಿಲ್ ಆಮೇಲೆ ಹಿಡಿಯಿರಿ. ಇಂಗ್ಲಿಷ್ ಕಾನೂನು ಭಾಷೆ ತಿಳಿಯದಿದ್ದರೆ ತಿಳಿದವರಿಂದ ಓದಿಸಿ, ನಾಚಿಕೆ ಬೇಡ. ಇಂಗ್ಲಿಷ್ ಚೆನ್ನಾಗಿ ಬರುವ ನಾನೇ ಓದದೆ ಕೆಟ್ಟೆ. ಸ್ಪರ್ಧೆಯ ಪ್ರಚಾರಕ್ಕಾಗಿ ನಿಮ್ಮ ಚಿತ್ರವನ್ನು ಹೆಸರಿನೊಂದಿಗೆ ತೋರಿಸಲು ಅನುಮತಿ ಕೇಳಿದರೆ ಅದು ನ್ಯಾಯ. ಗೆದ್ದ ಕೃತಿಯನ್ನು ಇಷ್ಟು ವರ್ಷ ಪ್ರಕಟಿಸುತ್ತೇವೆ, ಬಹುಮಾನವೇ ಅದರ ಸಂಭಾವನೆ ಎಂದರೂ ಒಪ್ಪಬಹುದು. ಸೋತವರ ಪಾತ್ರಗಳೂ ತಮ್ಮವು ಎನ್ನುವವರಿಂದ ಎದ್ದು ಬನ್ನಿ. ಷರತ್ತು ಅಸ್ಪಷ್ಟವಾಗಿದ್ದರೆ ಫೋನಿನಲ್ಲಿ ಕೇಳಬೇಡಿ, ಮಿಂಚಂಚೆಯಲ್ಲಿ ಕೇಳಿ: "ಆಯ್ಕೆಯಾಗದ ಕಥಾಸಾರದ ಹಕ್ಕು ಯಾರದು?" ಪ್ರಾಮಾಣಿಕರಾದವರು ಒಂದು ಸಾಲಿನಲ್ಲಿ ಉತ್ತರಿಸುತ್ತಾರೆ. ಉತ್ತರ ಬಾರದಿದ್ದರೆ ಅದನ್ನೇ ಉತ್ತರ ಎಂದು ತಿಳಿಯಿರಿ.

ಹಿನ್ನೆಲೆಯನ್ನೋ ಪಾತ್ರವನ್ನೋ ಬಿಡಿಯಾಗಿ ಎತ್ತಿಕೊಳ್ಳಲು ಬರುವ, ಪದರಗಳಿರುವ ಮೂಲ ಫೈಲನ್ನು ಹಣ ಕೈಸೇರಿ ಒಪ್ಪಂದವಾಗುವ ತನಕ ಯಾರಿಗೂ ಕೊಡಬೇಡಿ. ಮೊದಲ ಸುತ್ತಿಗೆ ಕಡಿಮೆ ಅಳತೆಯ, ಹೆಸರು ಮತ್ತು ದಿನಾಂಕವಿರುವ ಚಿತ್ರ ಸಾಕು. ಹೆಸರನ್ನು ಪುಟದ ಅಂಚಿನಲ್ಲಿ ಹಾಕಿದರೆ ಕತ್ತರಿಸಿಬಿಡುತ್ತಾರೆ, ಚಿತ್ರದ ಚೌಕದೊಳಗಿನ ಗೋಡೆಯ ಮೇಲೋ ಬಸ್ಸಿನ ಹಲಗೆಯ ಮೇಲೋ ಬರೆಯಿರಿ. ನಿಮಗೆ ಬಹಳ ಪ್ರೀತಿಯ ಪಾತ್ರವಾಗಿದ್ದರೆ ಕಳಿಸುವ ಮುನ್ನವೇ ಕೃತಿಸ್ವಾಮ್ಯ ಕಚೇರಿಯಲ್ಲಿ ನೋಂದಾಯಿಸಿ. ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು, ಸಾಮಾನ್ಯ ಕಲಾಕೃತಿಗೆ ಶುಲ್ಕ 500 ರೂಪಾಯಿ, ಸರಕಿನ ಮೇಲೆ ಬಳಸುವಂಥದ್ದಾದರೆ 2,000. ನೋಂದಣಿ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುತ್ತದೆ.

ಕಳೆದ ವರ್ಷ ಇದೇ ಸ್ಪರ್ಧೆಗೆ ಕಳಿಸಿದವರಿಗೆ ಇನ್ನೊಂದು ಮಾತು. ಹಳೆಯ ಕರಡು, ದಿನಾಂಕವಿರುವ ಫೈಲು, ಮಿಂಚಂಚೆ, ಶುಲ್ಕ ಕಟ್ಟಿದ ರಸೀದಿ, ಆಗಿನ ನಿಯಮಗಳ ಪುಟದ ಪ್ರತಿ ಇವುಗಳಲ್ಲಿ ಒಂದನ್ನೂ ಅಳಿಸಬೇಡಿ. ನಾನು, ಶಿವಮೊಗ್ಗದ ಹುಡುಗ, ಇನ್ನೂ ಮೂವರು ಸೇರಿ ಒಂದೇ ನೋಟಿಸಿನಲ್ಲಿ ನಮ್ಮ ಕೃತಿಗಳ ಜೊತೆ ನಮ್ಮ ಹೆಸರುಗಳನ್ನು ಹಾಕುವಂತೆ ಕೇಳಲಿದ್ದೇವೆ. ಈ ವರ್ಷದ ನಿಯಮಗಳನ್ನು ನಿನ್ನೆ ರಾತ್ರಿ ಪೂರ್ತಿ ಓದಿದೆ. ಬಹುಮಾನ ಒಂದು ಲಕ್ಷ ರೂಪಾಯಿಗೆ ಏರಿದೆ. ಹದಿನಾಲ್ಕನೆಯ ಷರತ್ತು ಈಗ ಹದಿನೇಳನೆಯದಾಗಿದೆ, ಒಂದು ಪದವೂ ಬದಲಾಗಿಲ್ಲ.